ಗಾಳಕ್ಕೆ ಸಿಕ್ಕ ಈ ಮೀನು ಯಾವುದು? ಕೊಡಗಿನ ಹೊಳೆ, ಕೆರೆ, ತೋಡುಗಳ ಮೀನು ಗುರುತಿಸಲು ಪದೇ ಪದೇ ಕೇಳುವ ಪ್ರಶ್ನೆಗಳು

ಎರೆಹುಳು ಸಿಕ್ಕಿಸಿ ಗಾಳ ಬಿಟ್ಟವರಿಗೆ ಏನು ಕಚ್ಚೀತು ಎಂಬುದು ಎಳೆಯುವವರೆಗೂ ಗೊತ್ತಾಗುವುದಿಲ್ಲ. ಸಿದ್ದಾಪುರದ ಕಡೆಯ ಹೊಳೆಯಲ್ಲಿ, ಹಾರಂಗಿ ಹಿನ್ನೀರಿನಲ್ಲಿ, ಕಾಫಿ ತೋಟದ ಕೆರೆಯಲ್ಲಿ ಒಮ್ಮೊಮ್ಮೆ ಹೆಸರೇ ತಿಳಿಯದ ಮೀನು ಮೇಲೆ ಬರುತ್ತದೆ. ಅಂಥ ಹೊತ್ತಿಗೆ ಬೇಕಾದ ಉತ್ತರಗಳು ಇಲ್ಲಿವೆ.

ಗುರುತಿಲ್ಲದ ಮೀನು ಸಿಕ್ಕರೆ ಮೊದಲು ಏನನ್ನು ಗಮನಿಸಬೇಕು?

ಮೀನಿಗಿಂತ ಮೊದಲು ನೀರನ್ನು ಗಮನಿಸಿ. ಕೊಡಗಿನಲ್ಲಿ ನೀರು ಎರಡು ಕಡೆಗೆ ಹರಿಯುತ್ತದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ, ಉತ್ತರದ ಗಡಿಯ ಹೇಮಾವತಿ ಇವೆಲ್ಲ ಪೂರ್ವಕ್ಕೆ ಹೋಗುತ್ತವೆ. ಬಾರಪೊಳೆ, ಸಂಪಾಜೆ ಕಡೆಯ ಪಯಸ್ವಿನಿ, ಪುಷ್ಪಗಿರಿಯ ತಪ್ಪಲಿನ ಕುಮಾರಧಾರಾ ಘಟ್ಟ ಇಳಿದು ಅರಬ್ಬಿ ಸಮುದ್ರ ಸೇರುತ್ತವೆ. ನಡುವಿನ ಬೆಟ್ಟದ ಸಾಲು ಮೀನುಗಳಿಗೆ ಗೋಡೆಯಿದ್ದಂತೆ. ಎರಡು ಕಡೆಗೂ ಸಮನಾಗಿರುವ ಮೀನುಗಳಿವೆ, ಒಂದೇ ಕಡೆ ಮಾತ್ರ ಇರುವವೂ ಇವೆ. ‘ಮಡಿಕೇರಿ ಹತ್ತಿರ ಸಿಕ್ಕಿತು’ ಎಂದಷ್ಟೇ ಹೇಳಿದರೆ ಎಷ್ಟು ಬಲ್ಲವರಾದರೂ ಅರ್ಧ ದಾರಿಯಲ್ಲೇ ನಿಲ್ಲಬೇಕಾಗುತ್ತದೆ, ಏಕೆಂದರೆ ಮಡಿಕೇರಿಯ ಸುತ್ತಲಿನ ಮಳೆನೀರು ಎರಡೂ ಕಡೆಗೆ ಇಳಿಯುತ್ತದೆ.

ಹೊಳೆ ಯಾವುದು, ಊರು ಯಾವುದು, ನೀರು ರಭಸವಾಗಿತ್ತೋ ನಿಂತಿತ್ತೋ, ತಳ ಬಂಡೆಯೋ ಮರಳೋ ಕೆಸರೋ, ಏನು ಎರೆ ಕಟ್ಟಿದ್ದಿರಿ, ಇಷ್ಟನ್ನು ಬರೆದಿಡಿ. ಮೇಲ್ಭಾಗದಲ್ಲಿ ಸಾಕಣೆ ಕೆರೆ ಇದೆಯೇ ಎಂದೂ ವಿಚಾರಿಸಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಕೆರೆ ಕೋಡಿ ಬಿದ್ದರೆ ಒಳಗಿದ್ದ ಮೀನು ಹೊಳೆ ಸೇರುತ್ತದೆ. ಈ ಹೊಳೆಯಲ್ಲಿ ಇರಲಾರದು ಅನ್ನಿಸುವ ಎಷ್ಟೋ ಮೀನುಗಳು ಬಂದ ದಾರಿ ಅದೇ.

ಮೀನು ಕೈಯಲ್ಲಿದೆ, ಹೊತ್ತಿಲ್ಲ. ಯಾವ ಕ್ರಮದಲ್ಲಿ ನೋಡಲಿ?

ಬಣ್ಣವನ್ನು ಕೊನೆಗೆ ಇಡಿ. ಕ್ರಮ ಹೀಗಿರಲಿ:

1. ಹುರುಪೆ ಇದೆಯೇ, ಮೈ ಬೋಳೇ? ಬೋಳಾಗಿ ಮೀಸೆಯಿದ್ದರೆ ಬೆಕ್ಕುಮೀನಿನ ಬಳಗ.
2. ಮೀಸೆ ಎಷ್ಟು? ಜೋಡಿಗಳಲ್ಲಿ ಎಣಿಸಿ. ಬಾಯಿಯ ಮೂಲೆಯ ಚಿಕ್ಕ ಮೀಸೆ ತುಟಿಯ ಮಡಿಕೆಯಲ್ಲಿ ಅಡಗಿರುತ್ತದೆ, ಬೆರಳ ತುದಿಯಿಂದ ಬಿಡಿಸಿ ನೋಡಿ.
3. ಬೆನ್ನಿನ ರೆಕ್ಕೆ ಗಿಡ್ಡವೋ ಉದ್ದವೋ? ಅದರ ಹಿಂದೆ, ಬಾಲಕ್ಕೆ ಮುಂಚೆ, ಕಡ್ಡಿಗಳಿಲ್ಲದ ಮೆತ್ತನೆಯ ಚಿಕ್ಕ ಕೊಬ್ಬಿನ ರೆಕ್ಕೆ ಇದೆಯೇ?
4. ಬಾಯಿ ಮೇಲಕ್ಕೆ ತೆರೆಯುತ್ತದೆಯೋ, ನೇರಕ್ಕೋ, ಕೆಳಕ್ಕೋ?
5. ಮೈಯ ನಡುವಿನ ಪಾರ್ಶ್ವರೇಖೆ ಕಿವಿರಿನಿಂದ ಬಾಲದವರೆಗೆ ಅಖಂಡವೋ, ನಡುವೆ ತುಂಡಾಗಿದೆಯೋ?

ಇವು ಸತ್ತ ಮೇಲೂ ಬದಲಾಗುವುದಿಲ್ಲ. ಬಣ್ಣ ಮಾತ್ರ ಕೆಲವೇ ನಿಮಿಷಗಳಲ್ಲಿ ಮಾಸುತ್ತದೆ.

ಹಿಡಿದುಕೊಳ್ಳುವುದು ಹೇಗೆ?

ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಮತ್ತು ಒಣ ಬಟ್ಟೆ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತವೆ. ಆ ಲೋಳೆ ಹೋದ ಜಾಗದಲ್ಲಿ ಬೂಸ್ಟು ಹಿಡಿಯುತ್ತದೆ, ನೀವು ಬಿಟ್ಟ ಮೀನು ವಾರದ ನಂತರ ಸಾಯಬಹುದು. ಕಿವಿರಿನೊಳಗೆ ಬೆರಳು ಹಾಕಬೇಡಿ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಎದೆಯ ಕೆಳಗೆ ಇರಲಿ. ದೊಡ್ಡ ಮೀನನ್ನು ಬಾಯಿಂದ ನೇತುಹಾಕಿದರೆ ಒಳಗಿನ ಅಂಗಗಳ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ.

ಗಾಳದ ಮುಳ್ಳನ್ನು ಮನೆಯಲ್ಲೇ ಇಕ್ಕುಳದಿಂದ ಅದುಮಿ ಮಟ್ಟ ಮಾಡಿಕೊಂಡರೆ ಕೊಕ್ಕೆ ಸುಲಭವಾಗಿ ಕಳಚುತ್ತದೆ. ನೀರಿನಿಂದ ಹೊರಗೆ ಒಮ್ಮೆಗೆ ಅರ್ಧ ನಿಮಿಷ ಸಾಕು. ಮತ್ತೆ ನೋಡಬೇಕೆನಿಸಿದರೆ ನೀರಿಗಿಳಿಸಿ, ಉಸಿರಾಡಲು ಬಿಟ್ಟು, ಆಮೇಲೆ ಎತ್ತಿ. ಯಾವ ಮೀನು ಎಂದು ತಿಳಿಯದಿರುವಾಗಲೇ ಈ ಎಚ್ಚರ ಹೆಚ್ಚು ಬೇಕು. ಅದು ಈ ಹೊಳೆಯಲ್ಲಿ ಉಳಿದಿರುವ ಕೆಲವೇ ಮೀನುಗಳಲ್ಲಿ ಒಂದಾಗಿರಬಹುದು.

ಎಂಥ ಫೋಟೊ ತೆಗೆದರೆ ಗುರುತಿಸಲು ಸಾಧ್ಯ?

ನಾಲ್ಕು ಬೇಕು. ಒಂದು, ಮೀನನ್ನು ಒದ್ದೆ ಹಲಗೆ ಅಥವಾ ಬಾಳೆಲೆಯ ಮೇಲೆ ತಲೆ ಎಡಕ್ಕೆ ಮಾಡಿ ಮಲಗಿಸಿ, ಬೆನ್ನಿನ ರೆಕ್ಕೆಯನ್ನು ಬಿಡಿಸಿ, ನೇರ ಮೇಲಿನಿಂದ ಇಡೀ ಮೈ. ಎರಡು, ಬಾಯಿ, ಮೀಸೆ, ಕಣ್ಣು ಕಾಣುವಂತೆ ತಲೆ. ಮೂರು, ಬಾಯಿಯನ್ನು ಕೆಳಗಿನಿಂದ. ನಾಲ್ಕು, ಬೆನ್ನಿನ ರೆಕ್ಕೆಯ ಮೊದಲ ಮುಳ್ಳು ಹತ್ತಿರದಿಂದ. ಅದರ ಹಿಂಬದಿ ನುಣುಪೋ ಗರಗಸದಂತಿದೆಯೋ ಎಂಬುದೇ ಹಲವು ಮೀನುಗಳಲ್ಲಿ ತೀರ್ಮಾನದ ಅಂಶ.

ಅಳತೆಗೆ ಸ್ಕೇಲ್ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಡ್ಡಗಲ 27 ಮಿಲಿಮೀಟರ್. ನಾಣ್ಯ ಮೀನಿನ ಪಕ್ಕದಲ್ಲೇ ಇರಲಿ. ಕೈ ಮುಂದೆ ಚಾಚಿ ಹಿಡಿದ ಫೋಟೊದಲ್ಲಿ ತಲೆ ಹಿಗ್ಗಿ ಬಾಲ ಕುಗ್ಗಿ ಕಾಣುತ್ತದೆ, ಅದರಿಂದ ಅಳತೆ ಸಿಗುವುದಿಲ್ಲ. ಬಿಸಿಲಿಗೆ ಹುರುಪೆ ಹೊಳೆದು ಸಾಲುಗಳೇ ಮಾಯವಾಗುವುದರಿಂದ ನಿಮ್ಮ ನೆರಳು ಬೀಳುವಂತೆ ನಿಂತು ತೆಗೆಯಿರಿ.

ಹುರುಪೆ ಎಣಿಸಬೇಕು ಅನ್ನುತ್ತಾರೆ. ಹೇಗೆ?

ಕಿವಿರಿನ ಮುಚ್ಚಳದ ಹಿಂದಿನಿಂದ ಶುರು ಮಾಡಿ, ಪಾರ್ಶ್ವರೇಖೆಯ ಮೇಲೆ ಬರುವ, ನಡುವೆ ಸಣ್ಣ ತೂತಿರುವ ಹುರುಪೆಗಳನ್ನು ಮಾತ್ರ ಎಣಿಸುತ್ತಾ ಹೋಗಿ. ಬಾಲದ ರೆಕ್ಕೆಯನ್ನು ಪಕ್ಕಕ್ಕೆ ಮಡಿಸಿದಾಗ ಬುಡದಲ್ಲಿ ಒಂದು ಮಡಿಕೆ ಬೀಳುತ್ತದೆ. ಎಣಿಕೆ ಅಲ್ಲಿಗೆ ನಿಲ್ಲಬೇಕು. ಅದರಾಚೆ, ರೆಕ್ಕೆಯ ಮೇಲೆ ಹತ್ತಿದ ಹುರುಪೆಗಳನ್ನೂ ಸೇರಿಸುವುದೇ ಸಾಮಾನ್ಯ ತಪ್ಪು. ಜೀವಂತ ಮೀನಿನ ಮೇಲೆ ಎಣಿಸುತ್ತಾ ಕೂರಬೇಡಿ, ಒಳ್ಳೆಯ ಫೋಟೊ ಇದ್ದರೆ ಮನೆಯಲ್ಲಿ ಹಿಗ್ಗಿಸಿ ಎಣಿಸಬಹುದು. ಒಂದೆರಡು ಹೆಚ್ಚು ಕಡಿಮೆಯಾದರೂ ಅಡ್ಡಿಯಿಲ್ಲ, ಏಕೆಂದರೆ ಬಿಳಿಮೀನಿಗೆ (ಮಹಶೀರ್‌ಗೆ) 22ರಿಂದ 28, ರೋಹುವಿಗೆ 40ರ ಮೇಲೆ, ಬೆಳ್ಳಿ ಗೆಂಡೆಗೆ ನೂರರ ಆಸುಪಾಸು. ಅಂತರ ಅಷ್ಟು ದೊಡ್ಡದು.

ಹುರುಪೆಯ ದೊಡ್ಡ ಮೀನು. ರೋಹುವೋ, ಕಾಟ್ಲಾವೋ, ಗೆಂಡೆಯೋ?

ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಲ್ಲೂ ತೋಟದ ಕೆರೆಗಳಲ್ಲೂ ಬಿತ್ತನೆ ಮಾಡಿದ ಮೀನುಗಳೇ ಹೆಚ್ಚು, ಆದ್ದರಿಂದ ಇವನ್ನು ಚೆನ್ನಾಗಿ ತಿಳಿದಿರಬೇಕು.

ಕಾಟ್ಲಾಗೆ ಮೀಸೆ ಇಲ್ಲ. ತಲೆ ಮೈಗೆ ಮೀರಿದಷ್ಟು ದೊಡ್ಡದು, ಬಾಯಿ ಮೇಲ್ಮುಖ, ಕೆಳದವಡೆ ಮುಂದೆ ಚಾಚಿರುತ್ತದೆ. ರೋಹುವಿನ ಬಾಯಿ ಕೆಳಕ್ಕೆ, ತುಟಿ ದಪ್ಪ, ಅಂಚಿನಲ್ಲಿ ಝಾಲರಿಯಂಥ ಕುಚ್ಚು, ರೆಕ್ಕೆಗಳಲ್ಲಿ ನಸುಗೆಂಪು. ಮೃಗಾಲ್‌ನ ತುಟಿ ತೆಳುವು, ಕುಚ್ಚಿಲ್ಲ, ಮೂತಿ ಮೊಂಡು, ಮೈ ನೀಳ. ಮೈಯೆಲ್ಲ ಕಪ್ಪಾಗಿ, ರೋಹುವಿನಂತೆ ಕುಚ್ಚುತುಟಿಯಿದ್ದು ಎರಡು ಜೋಡಿ ಮೀಸೆ ಎದ್ದು ಕಂಡರೆ ಅದು ಕಾಗೆ ಮೀನು, ಅಂದರೆ ಕಾಲ್ಬಸು.

ಸಾಮಾನ್ಯ ಗೆಂಡೆಯನ್ನು ಬೆನ್ನಿನ ರೆಕ್ಕೆಯಿಂದಲೇ ಹಿಡಿಯಬಹುದು. ಅದು ಬೆನ್ನಿನ ಅರ್ಧಭಾಗ ಆವರಿಸುವಷ್ಟು ಉದ್ದ, ಮೊದಲ ಮುಳ್ಳು ಗರಗಸ, ಮೀಸೆ ಎರಡು ಜೋಡಿ. ಕೆಲವು ಗೆಂಡೆಗಳಿಗೆ ಅಲ್ಲೊಂದು ಇಲ್ಲೊಂದು ಕನ್ನಡಿಯಂಥ ದೊಡ್ಡ ಹುರುಪೆ ಮಾತ್ರ ಇರುತ್ತದೆ. ಅದು ಬೇರೆ ಜಾತಿಯಲ್ಲ, ಸಾಕಣೆಯಲ್ಲಿ ಬಂದ ತಳಿ. ಹುಲ್ಲು ಗೆಂಡೆಗೆ ಮೀಸೆಯಿಲ್ಲ, ಮೈ ಉರುಟು, ಬೆನ್ನಿನ ರೆಕ್ಕೆ ಗಿಡ್ಡ. ಬೆಳ್ಳಿ ಗೆಂಡೆಯ ಹುರುಪೆ ಬಹಳ ಸಣ್ಣದು, ಕಣ್ಣು ಬಾಯಿಯ ಮಟ್ಟಕ್ಕಿಂತ ಕೆಳಗೆ, ಹೊಟ್ಟೆಯ ಅಡಿಯಲ್ಲಿ ಗಂಟಲಿನಿಂದಲೇ ಶುರುವಾಗುವ ಚೂಪಾದ ಏಣು. ಆ ಏಣು ಹೊಟ್ಟೆಯ ರೆಕ್ಕೆಯಿಂದ ಹಿಂದಕ್ಕೆ ಮಾತ್ರ ಇದ್ದು ಮೈಮೇಲೆ ಕಪ್ಪು ಮಚ್ಚೆಯಿದ್ದರೆ ದೊಡ್ಡತಲೆ ಗೆಂಡೆ.

ಹ್ಯಾಚರಿಯಲ್ಲಿ ಮೊಟ್ಟೆ, ವೀರ್ಯ ಬೆರಕೆಯಾಗಿ ಕಾಟ್ಲಾದ ತಲೆ, ರೋಹುವಿನ ಮೈ ಇರುವ ಮಿಶ್ರ ಮೀನುಗಳೂ ಹುಟ್ಟುತ್ತವೆ. ಯಾವುದಕ್ಕೂ ಪೂರ್ತಿ ಹೊಂದದಿದ್ದರೆ ಬಲವಂತವಾಗಿ ಒಂದು ಹೆಸರು ಅಂಟಿಸದೆ ‘ಮಿಶ್ರ’ ಎಂದೇ ಬರೆದಿಡಿ.

ಇದು ಬಿಳಿಮೀನು, ಅಂದರೆ ಮಹಶೀರ್, ಹೌದೇ?

ದೊಡ್ಡ ಹುರುಪೆ, ಎರಡು ಜೋಡಿ ಮೀಸೆ, ದಪ್ಪ ಮಾಂಸಲ ತುಟಿ, ಬೆನ್ನಿನ ರೆಕ್ಕೆಯಲ್ಲಿ ಗರಗಸವಿಲ್ಲದ ಬಲವಾದ ಮುಳ್ಳು. ಈ ನಾಲ್ಕೂ ಒಟ್ಟಿಗೆ ಇದ್ದರೆ ಬಿಳಿಮೀನು ಎನ್ನಲು ಗಟ್ಟಿ ಆಧಾರ. ಜನ ಎಡವುವುದು ಕರ್ನಾಟಿಕ್ ಕಾರ್ಪ್ ಬಳಿ. ನಮ್ಮ ರಾಜ್ಯದ ಮೀನು ಎಂದು ಆಯ್ಕೆಯಾದ ಈ ಪಕ್ಕೆ ಜಾತಿಯ ಮೀನಿಗೂ ಎರಡು ಜೋಡಿ ಮೀಸೆ, ದೊಡ್ಡ ಹುರುಪೆ ಇದೆ, ಕಾವೇರಿಯಲ್ಲೇ ಇದೆ, ಒಳ್ಳೆ ತೂಕಕ್ಕೂ ಬೆಳೆಯುತ್ತದೆ. ತುಟಿ ನೋಡಿ. ಬಿಳಿಮೀನಿನ ಕೆಳತುಟಿಯ ನಡುವೆ ಮಾಂಸದ ಒಂದು ಹಾಲೆ ಇರುತ್ತದೆ, ಕರ್ನಾಟಿಕ್ ಕಾರ್ಪ್‌ನಲ್ಲಿ ಅದಿಲ್ಲ. ಹುರುಪೆಯೂ ಸ್ವಲ್ಪ ಚಿಕ್ಕದು, ಪಾರ್ಶ್ವರೇಖೆಯಲ್ಲಿ ಮೂವತ್ತರ ಆಸುಪಾಸು ಸಿಗುತ್ತದೆ.

ಬಿಳಿಮೀನು ಎಂದು ಖಚಿತವಾದ ಮೇಲೆ ಯಾವ ಬಿಳಿಮೀನು ಎಂಬ ಪ್ರಶ್ನೆ ಬರುತ್ತದೆ. ಇದು ಮುಖ್ಯವಾದ ಪ್ರಶ್ನೆ. ಕಾವೇರಿಗೆ ಮಾತ್ರ ಸೇರಿದ ಡುಬ್ಬದ ಮಹಶೀರ್ ಲೋಕದಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ 120 ಪೌಂಡ್ ತೂಕದ ದಾಖಲೆ ಮೀನು ಇದೇ ಬಳಗದ್ದು. ಇಷ್ಟು ಹೆಸರುವಾಸಿಯಾಗಿದ್ದರೂ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ನಿರ್ಧಾರವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಈಗ ಕಾವೇರಿಯಲ್ಲಿ ಹೆಚ್ಚಾಗಿ ಸಿಗುವುದು ನೀಲಿ ರೆಕ್ಕೆಯ ಟಾರ್ ಖುದ್ರಿ. ಮಹಾರಾಷ್ಟ್ರದ ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ಅದರ ಮರಿಗಳನ್ನು ಕಾವೇರಿಗೆ ಬಿಟ್ಟರು, ಅದು ಇಲ್ಲಿ ಹಬ್ಬಿಕೊಂಡಿತು.

ಇಲ್ಲಿ ಮಾತ್ರ ಬಣ್ಣಕ್ಕೆ ಬೆಲೆ ಕೊಡಬೇಕು. ಡುಬ್ಬದ ಮೀನಿನ ರೆಕ್ಕೆಗಳು, ಅದರಲ್ಲೂ ಬಾಲ, ಕಿತ್ತಳೆ. ತಲೆಯ ಹಿಂದಿನಿಂದಲೇ ಬೆನ್ನು ಏರತೊಡಗುತ್ತದೆ. ಖುದ್ರಿಯ ರೆಕ್ಕೆ ನೀಲಿ ಬೂದು, ಬೆನ್ನಿನ ಗೆರೆ ಹೆಚ್ಚು ಸಮ. ನೀರಿನಲ್ಲಿರುವಾಗಲೇ ನೆರಳಿನಲ್ಲಿ ಒಂದು ಫೋಟೊ ತೆಗೆಯಿರಿ. ಕಿತ್ತಳೆ ರೆಕ್ಕೆ ಕಂಡರೆ ತೂಕ ನೋಡುವ ಆಸೆ ಬಿಟ್ಟು, ತಲೆಯನ್ನು ಹರಿವಿನ ಎದುರಿಗೆ ಹಿಡಿದು, ಅದಾಗಿಯೇ ಬಾಲ ಬೀಸಿ ಹೋಗುವವರೆಗೆ ಕಾದು ಬಿಡಿ. ಘಟ್ಟದಾಚೆಯ ಪಶ್ಚಿಮದ ಹೊಳೆಗಳಲ್ಲಿ ಸಿಕ್ಕಿದ್ದಾದರೆ ಟಾರ್ ಮಲಬಾರಿಕಸ್ ಎಂಬ ಮಲಬಾರ್ ಮಹಶೀರ್ ಇರಬಹುದೇ ಎಂದೂ ಯೋಚಿಸಬೇಕು.

ಹುರುಪೆ ಇಲ್ಲ, ಮೀಸೆ ಇದೆ. ಮುಂದೆ?

ಬೆನ್ನಿನ ಮೇಲೆ ಕೈಯಾಡಿಸುವ ಮುನ್ನ ಕಣ್ಣಾಡಿಸಿ, ಮುಳ್ಳು ಚುಚ್ಚುತ್ತದೆ. ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದವರೆಗೂ ಉದ್ದಕ್ಕಿದ್ದು ನಾಲ್ಕು ಜೋಡಿ ಮೀಸೆಯಿದ್ದರೆ ಮುರುಗೋಡು, ಇಲ್ಲವೇ ಅದರ ಪರದೇಶಿ ನೆಂಟ ಆಫ್ರಿಕನ್ ಕ್ಯಾಟ್‌ಫಿಶ್. ಬೆನ್ನಿನ ರೆಕ್ಕೆ ಚಿಕ್ಕದಾಗಿ, ಕೆಳಗಿನದು ಮಾತ್ರ ಉದ್ದವಿದ್ದು ನಾಲ್ಕು ಜೋಡಿ ಮೀಸೆಯಿದ್ದರೆ ಚೇಳು ಮೀನು. ಕೊಬ್ಬಿನ ರೆಕ್ಕೆಯಿದ್ದು ಬೆನ್ನಿನಲ್ಲೂ ಎದೆಯಲ್ಲೂ ಗಟ್ಟಿ ಮುಳ್ಳಿದ್ದರೆ ಗಿರ್ಲು ಬಳಗ. ಬಾಯಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುವಷ್ಟು ಅಗಲ, ಮೀಸೆ ಎರಡೇ ಜೋಡಿ, ಬೆನ್ನಿನ ಮೇಲೆ ಪುಟ್ಟ ರೆಕ್ಕೆ, ಮೈ ಚಪ್ಪಟೆ ಎಂದಾದರೆ ಬಾಳೆ ಮೀನು. ಅದರ ಹಲ್ಲು ಕೆಟ್ಟದ್ದು, ಕೊಕ್ಕೆಯನ್ನು ಇಕ್ಕುಳದಿಂದಲೇ ತೆಗೆಯಿರಿ. ಅದೇ ಆಕಾರದಲ್ಲಿದ್ದು ಬಾಯಿ ಚಿಕ್ಕದಾಗಿ, ಕಿವಿರಿನ ಹಿಂದೆ ಕಪ್ಪು ಮಚ್ಚೆಯಿದ್ದರೆ ಗೊದ್ಲೆ.

ಊರಿನ ಮುರುಗೋಡು ಯಾವುದು, ಆಫ್ರಿಕನ್ ಯಾವುದು?

ಬೆಳೆದ ಆಫ್ರಿಕನ್‌ನ ಪಕ್ಕೆಗಳಲ್ಲಿ ಅಮೃತಶಿಲೆಯಂಥ ಕಪ್ಪು ಬೂದು ಚಿತ್ತಾರ, ಹೊಟ್ಟೆ ಬಿಳಿ. ಊರಿನದ್ದು ಹೆಚ್ಚುಕಡಿಮೆ ಒಂದೇ ಕಂದುಬಣ್ಣ. ಊರಿನದ್ದು ಒಂದೂವರೆ ಅಡಿ ಮುಟ್ಟುವುದೇ ಅಪರೂಪ, ಆಫ್ರಿಕನ್ ಒಂದು ಮೀಟರ್ ದಾಟುತ್ತದೆ. ಎರಡಡಿಯ ಮುರುಗೋಡು ಸಿಕ್ಕಿತು ಎಂದರೆ ಅನುಮಾನಕ್ಕೆ ಎಡೆಯೇ ಇಲ್ಲ. ತೊಂದರೆ ಇರುವುದು ಗೇಣುದ್ದದ ಮರಿಗಳಲ್ಲಿ. ಅವನ್ನು ಮುಚ್ಚಳವಿರುವ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಇಟ್ಟುಕೊಂಡು, ಬಲ್ಲವರಿಗೆ ತೋರಿಸಿಯೇ ತೀರ್ಮಾನಿಸಿ. ಇವು ಗಾಳಿಯನ್ನೂ ಉಸಿರಾಡುವುದರಿಂದ ಗಂಟೆಗಟ್ಟಲೆ ಬದುಕಿರುತ್ತವೆ. ಮುಚ್ಚಳ ಇಲ್ಲದಿದ್ದರೆ ಒದ್ದೆ ಹುಲ್ಲಿನಲ್ಲಿ ತೆವಳಿ ತೋಡು ಸೇರುತ್ತವೆ.

ಆಫ್ರಿಕನ್ ಎಂದು ಖಚಿತವಾದರೆ ಹೊಳೆಗೆ ಮರಳಿಸಬೇಡಿ. ನಮ್ಮ ದೇಶದಲ್ಲಿ ಅದರ ಸಾಕಣೆಗೇ ನಿಷೇಧವಿದೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಮೀನು ಹೊಳೆ ಸೇರಿದರೆ ಊರಿನ ಮೀನಿನ ಮರಿಗಳಿಗೆ ಉಳಿಗಾಲ ಕಷ್ಟ.

ಚೇಳು ಮೀನು ಚುಚ್ಚಿತು. ಏನು ಮಾಡಲಿ?

ಎದೆಯ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ನೋವು ತೋಳಿನವರೆಗೆ ಏರುತ್ತದೆ. ಗಾಯ ತೊಳೆದು, ತಾಳಬಲ್ಲಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಬಿಸಿಗೆ ವಿಷದ ಪ್ರೋಟೀನು ಕೆಡುತ್ತದೆ. ಚುಚ್ಚಿದ ಕೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಆದ್ದರಿಂದ ನೀರನ್ನು ಇನ್ನೊಂದು ಕೈಯಿಂದ ಪರೀಕ್ಷಿಸಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ. ಮುಳ್ಳು ಒಳಗೆ ಮುರಿದಿದ್ದರೆ, ಊತ ಏರುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಅಲ್ಲೇ ಕೇಳಿ.

ಹಾವಿನ ತಲೆಯ ಮೀನು, ಹಾವಿನಂಥ ಮೀನು, ಎರಡೂ ಒಂದೇ ಏನು?

ಬೇರೆ ಬೇರೆ. ತಲೆ ಹಾವಿನಂತಿದ್ದು ಮೈಯೆಲ್ಲ ಹುರುಪೆ, ಬೆನ್ನಿನ ರೆಕ್ಕೆ ಉದ್ದ, ಮೀಸೆ ಇಲ್ಲ ಎಂದರೆ ಕೊರವ, ಕೆಲವರ ಬಾಯಲ್ಲಿ ಮರ್ಲ್. ಅದರಲ್ಲೂ ಬಾಲದ ಬುಡದ ಮೇಲೆ ಕಿತ್ತಳೆ ಅಂಚಿನ ಕಪ್ಪು ಕಣ್ಣಿನಂಥ ಮಚ್ಚೆಯಿದ್ದರೆ ಹೂವಿನ ಮರ್ಲ್. ವಯಸ್ಸಾದಂತೆ ಆ ಮಚ್ಚೆ ಮಾಸುತ್ತದೆ. ಗದ್ದೆಯ ಅಂಚಿನ ತೋಡಿನಲ್ಲಿ ಸಿಗುವ ಗೇಣುದ್ದದ, ರೆಕ್ಕೆಯ ಅಂಚು ಕಿತ್ತಳೆ ಮತ್ತು ಎದೆಯ ರೆಕ್ಕೆಯಲ್ಲಿ ಪಟ್ಟಿಗಳಿರುವ ಕುಳ್ಳ ಕೊರವ ಬೇರೆಯೇ ಜಾತಿ, ದೊಡ್ಡದರ ಮರಿಯಲ್ಲ.

ಇನ್ನು ‘ಹಾವು ಮೀನು’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮೀನುಗಳು ಓಡಾಡುತ್ತವೆ. ಬೆನ್ನಿನ ಮೇಲೆ ಬಿಡಿಬಿಡಿಯಾದ ಮೂವತ್ತಕ್ಕೂ ಹೆಚ್ಚು ಸಣ್ಣ ಮುಳ್ಳುಗಳ ಸಾಲಿದ್ದು ಮೂತಿ ಸೊಂಡಿಲಿನಂತೆ ಚೂಪಾಗಿದ್ದರೆ ಮುಳ್ಳು ಹಾವುಮೀನು. ಮುಳ್ಳಿಲ್ಲದೆ, ಬೆನ್ನು, ಬಾಲ, ಹೊಟ್ಟೆಯ ಹಿಂದಿನ ರೆಕ್ಕೆಗಳೆಲ್ಲ ಒಂದೇ ಪಟ್ಟಿಯಾಗಿ ಕೂಡಿದ್ದು ಕಿವಿರಿನ ಹಿಂದೆ ಎದೆಯ ರೆಕ್ಕೆಯಿದ್ದರೆ ಈಲ್. ಅದು ಮೊಟ್ಟೆಯಿಡಲು ಸಮುದ್ರಕ್ಕೆ ಹೋಗುವ ಮೀನು. ಕೆಳಗೆ ಕಟ್ಟಿದ ಅಣೆಕಟ್ಟುಗಳು ಅದರ ಹೋಗುಬರುವ ದಾರಿಯನ್ನೇ ಮುಚ್ಚುತ್ತವೆ, ಆದ್ದರಿಂದ ಸಿಕ್ಕಿದರೆ ದಾಖಲಿಸಿ ಬಿಟ್ಟುಬಿಡಿ.

ಜಿಲೇಬಿಗೂ ಕರಿಮೀನಿಗೂ ವ್ಯತ್ಯಾಸ?

ಹೊಟ್ಟೆಯ ಹಿಂದಿನ ರೆಕ್ಕೆಯ ಮುಳ್ಳು ಎಣಿಸಿ. ಜಿಲೇಬಿ, ಅಂದರೆ ತಿಲಾಪಿಯಾದಲ್ಲಿ ಮೂರು, ಕರಿಮೀನಿನಲ್ಲಿ ಹನ್ನೆರಡು ಹದಿಮೂರು. ತಿಲಾಪಿಯಾದ ಪಾರ್ಶ್ವರೇಖೆ ಎರಡು ತುಂಡಾಗಿರುತ್ತದೆ. ಬಾಲದಲ್ಲಿ ನೇರ ಅಡ್ಡಪಟ್ಟಿಗಳಿದ್ದರೆ ನೈಲ್ ತಿಲಾಪಿಯಾ.

ಭಾಗಮಂಡಲದ ಮೇಲಿನ ತೋಡುಗಳಲ್ಲಿ ಬೆರಳುದ್ದದ ಮೀನು ಸಿಗುತ್ತವೆ. ದೊಡ್ಡ ಮೀನಿನ ಮರಿಗಳೇ?

ಹೆಚ್ಚಿನವು ಮರಿಗಳಲ್ಲ, ಬೆಳೆದೇ ಅಷ್ಟಿರುವ ಮೀನುಗಳು. ಕಲ್ಲಿಗೆ ಅಂಟಿಕೊಳ್ಳುವ, ಬಾಯಿಯ ಕೆಳಗೆ ಬಟ್ಟಲಿನಂಥ ತಟ್ಟೆಯಿರುವುದು ಗಾರಾ. ಮರಳಿನಲ್ಲಿ ಹುದುಗುವ, ಮೂರು ಜೋಡಿ ಮೀಸೆಯ, ಅಡ್ಡಪಟ್ಟೆಯ ಸಪೂರ ಮೀನು ಲೋಚ್. ಲೋಚ್‌ನ ಕಣ್ಣಿನ ಕೆಳಗೆ ಉಗುರಿನಿಂದ ಮೆಲ್ಲಗೆ ಸವರಿದಾಗ ಕವಲು ಮುಳ್ಳು ತಾಗಿದರೆ ಒಂದು ಬಳಗ, ತಾಗದಿದ್ದರೆ ಇನ್ನೊಂದು. ಪಶ್ಚಿಮ ಘಟ್ಟದ ಇಂಥ ಪುಟ್ಟ ಮೀನುಗಳಲ್ಲಿ ಒಂದೆರಡು ಹೊಳೆಗಳಿಗೆ ಮಾತ್ರ ಸೀಮಿತವಾದವು ಎಷ್ಟೋ ಇವೆ. ಒಂದು ತೋಡಿಗೆ ಬೇಸಿಗೆಯಲ್ಲಿ ಮೈಲುತುತ್ತೋ ಸುಣ್ಣವೋ ಕಲಕಿದರೆ ಒಂದು ಜಾತಿಯ ದೊಡ್ಡ ಪಾಲೇ ಹೋಗಬಹುದು.

ಮೈಮೇಲೆ ಚುಕ್ಕೆ, ಗುಳ್ಳೆ, ಹುಣ್ಣು ಇವೆ. ಇವೂ ಗುರುತೇ?

ಅಲ್ಲ, ಮತ್ತು ದಾರಿ ತಪ್ಪಿಸುತ್ತವೆ. ಮಳೆಗಾಲದ ಹೊತ್ತಿಗೆ ಗೆಂಡೆ ಬಳಗದ ಗಂಡುಗಳ ಮೂತಿಯ ಮೇಲೆ ಬಿಳಿ ಮೊಡವೆಯಂಥ ಗಟ್ಟಿ ಗುಳ್ಳೆ ಏಳುತ್ತವೆ. ಅದು ಬೆದೆಯ ಲಕ್ಷಣ. ಸಾಸಿವೆಯಂಥ ಕಪ್ಪು ಚುಕ್ಕೆ ಅಲ್ಲಲ್ಲಿ ಕ್ರಮವಿಲ್ಲದೆ ಚದುರಿದ್ದರೆ ಚರ್ಮದೊಳಗಿನ ಹುಳುವಿನ ಕೋಶ. ಜಾತಿಯ ಗುರುತಾದರೆ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿರುತ್ತದೆ. ಆಳವಾದ ಕೆಂಪು ಹುಣ್ಣು ಕೊರವದಲ್ಲೂ ಪಕ್ಕೆ ಮೀನಿನಲ್ಲೂ ಹೆಚ್ಚು. 1988ರಲ್ಲಿ ಭಾರತಕ್ಕೆ ಕಾಲಿಟ್ಟ ವ್ರಣರೋಗ ಇದಕ್ಕೆ ಕಾರಣವಾಗಿರಬಹುದು. ಅಂಥ ಮೀನನ್ನು ತಿನ್ನಬೇಡಿ, ಇನ್ನೊಂದು ಕೆರೆಗೂ ಒಯ್ಯಬೇಡಿ, ಬಲೆ ಬುಟ್ಟಿಗಳನ್ನು ಬಿಸಿಲಿಗೆ ಪೂರ್ತಿ ಒಣಗಿಸಿ.

ಫೋನಿನ ಆ್ಯಪ್ ಹೇಳಿದ ಹೆಸರನ್ನು ನಂಬಬಹುದೇ?

ಬಳಗದ ಮಟ್ಟಕ್ಕೆ ನಂಬಬಹುದು, ಜಾತಿಯ ಮಟ್ಟಕ್ಕೆ ಬೇಡ. ಹೊರದೇಶದ ಮೀನಿನ ಹೆಸರು ಬಂದರೆ ಆ ಮೀನಿನ ನೆಲೆ ಎಲ್ಲಿ ಎಂದು ನೋಡಿ. ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕಿದರೆ ಮನುಷ್ಯರೇ ಪರಿಶೀಲಿಸುತ್ತಾರೆ. ಡುಬ್ಬದ ಮಹಶೀರ್‌ನಂಥದ್ದಾದರೆ ಜಾಗವನ್ನು ಮಸುಕು ಮಾಡುವ ಆಯ್ಕೆಯನ್ನು ಮರೆಯದೆ ಬಳಸಿ, ಇಲ್ಲದಿದ್ದರೆ ಮುಂದಿನ ವಾರ ಆ ಗುಂಡಿಯಲ್ಲಿ ಮದ್ದು ಸಿಡಿಯಬಹುದು.

ಗಾಳ ಹಾಕಲು ಅನುಮತಿ ಬೇಕೇ?

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವಂತಿಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ನಾಗರಹೊಳೆ ಇವೆಲ್ಲ ಅದರಲ್ಲಿ ಬಂದವು. ದೇವಸ್ಥಾನಗಳ ಬಳಿ ಕಾಯ್ದ ಮಡುಗಳೂ ಹಾಗೆಯೇ. ಜಲಾಶಯ ಮತ್ತು ಹೊಳೆಯ ಉಳಿದ ಭಾಗಗಳಿಗೆ ಗುತ್ತಿಗೆ, ಪರವಾನಗಿ ಇರುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಇಷ್ಟಾದರೂ ಹೆಸರು ಸಿಗಲಿಲ್ಲ. ಯಾರಿಗೆ, ಏನು ಕಳಿಸಲಿ?

ನಾಲ್ಕು ಫೋಟೊ ಮತ್ತು ನೀರಿನ ವಿವರವನ್ನು ಮೀನುಗಾರಿಕೆ ಇಲಾಖೆಗೆ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಕ್ಕೆ, ಅಥವಾ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯಕ್ಕೆ ತೋರಿಸಬಹುದು. ಅವರು ಡಿಎನ್‌ಎ ಪರೀಕ್ಷೆಗೆ ಮಾದರಿ ಕೇಳಿದರೆ ಇಡೀ ಮೀನು ಬೇಕಿಲ್ಲ. ಬಾಲದ ರೆಕ್ಕೆಯ ತುದಿಯಿಂದ ಉದ್ದಿನ ಕಾಳಿನಷ್ಟು ಚೂರನ್ನು ಶುಭ್ರವಾದ ಕತ್ತರಿಯಿಂದ ಕತ್ತರಿಸಿ, 95 ಶೇಕಡಾ ಎಥನಾಲ್ ತುಂಬಿದ ಸಣ್ಣ ಸೀಸೆಗೆ ಹಾಕಿ. ಫಾರ್ಮಲಿನ್ ಬೇಡ, ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ. ಜಾಗ ಮತ್ತು ದಿನಾಂಕವನ್ನು ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಸೀಸೆಯೊಳಗೇ ಹಾಕಿ. ಪೆನ್ನಿನಲ್ಲಿ ಬರೆದರೆ ಎಥನಾಲ್‌ಗೆ ಶಾಯಿ ಕರಗಿ, ಯಾವ ಹೊಳೆಯ ಮೀನು ಎಂಬುದೇ ಅಳಿಸಿಹೋಗುತ್ತದೆ.